ಅಪ್‌ಡೇಟ್: ಕೊಡಲಿ ಯೋಧನ ಕೈ ಈಗ ಗಟ್ಟಿಯಾಗಿದೆ

ಎಲ್ಲರಿಗೂ ನಮಸ್ಕಾರ. ಕೊಂಬಿನ ಶಿರಸ್ತ್ರಾಣ ಹಾಕಿ ಕೊಡಲಿ ಎತ್ತಿದ ಕಾಲ್ಪನಿಕ ಯೋಧನ 9 ಸೆಂ.ಮೀ. ಗೊಂಬೆ ಮಾಡ್ತಿದ್ದೀನಿ, ಮೊಣಕೈ ಮುರಿಯುತ್ತೆ, ಮುಖ ತಿದ್ದೋಷ್ಟರಲ್ಲಿ ಎದೆ ಅಪ್ಪಚ್ಚಿಯಾಗುತ್ತೆ ಅಂತ ಹೋದ ತಿಂಗಳು ಕೇಳಿದ್ದೆ. ಒಳಗೆ ತಂತಿ ಹಾಕಿ, ಒಂದೊಂದೇ ಭಾಗ ಮಾಡಿ ಅಂದಿದ್ರಿ.

ಹಾಗೇ ಮಾಡಿದೆ. ಎರಡೆಳೆ ತೆಳು ತಂತಿಯನ್ನ ಹುರಿ ಮಾಡಿಕೊಂಡೆ. ಒಂಟಿ ನುಣುಪು ತಂತಿ ಮೇಲೆ ಎಪಾಕ್ಸಿ ಪುಟ್ಟಿ (ಎರಡು ಭಾಗ ಕಲಸಿದ್ರೆ ತಾನೇ ಗಟ್ಟಿಯಾಗೋ ಕಣಕದಂಥ ವಸ್ತು) ಸುತ್ತ ಜಾರುತ್ತೆ, ಹುರಿಯನ್ನ ಕಚ್ಚಿ ಹಿಡಿಯುತ್ತೆ. ಮೊದಲ ದಿನ ಬರೀ ಮುಂಡ, ಕಾಲು. ರಾತ್ರಿಯೆಲ್ಲ ಗಟ್ಟಿಯಾಗಲು ಬಿಟ್ಟು ಮರುದಿನ ಕೈಗೆ ಹೋದೆ. ಬೆರಳಿಗೆ ನೀರು ಸವರಿದರೆ ಅಂಟೋದೂ ಕಡಿಮೆ.

ಆದರೂ ಯೋಧ ಮಗುವಿನ ಥರ ಕಾಣ್ತಿದ್ದ. ನಮ್ಮ ಕೋಲಾರದಿಂದ ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ದೂರವೇನಲ್ಲ, ಕಲ್ಲು ಕೆತ್ತುವವರ ಊರು. ಗೊಂಬೆಯನ್ನ ಡಬ್ಬಿಯಲ್ಲಿಟ್ಟುಕೊಂಡು ಹೋದೆ. ಹಿರಿಯ ಶಿಲ್ಪಿಯೊಬ್ಬರು ತಿರುಗಿಸಿ ತಿರುಗಿಸಿ ನೋಡಿ, "ತಲೆ ದಪ್ಪ ಆಯ್ತಲ್ಲಪ್ಪ. ಮುಖ ಒಂದು ತಾಳ ಅಂದ್ರೆ ಆಳು ಒಂಬತ್ತು ತಾಳ" ಅಂದ್ರು. ನವತಾಳ ಅನ್ನೋ ಈ ಶಿಲ್ಪಶಾಸ್ತ್ರದ ಅಳತೆಯಲ್ಲಿ ಮುಖ 12 ಅಂಗುಲ, ಪೂರ್ತಿ ಎತ್ತರ 108 (ಇಲ್ಲಿ ಅಂಗುಲ ಅಂದ್ರೆ ಇಂಚಲ್ಲ, ಮುಖದ ಉದ್ದದ ಹನ್ನೆರಡನೇ ಒಂದು ಪಾಲು). ಅಂದರೆ ನನ್ನ ಯೋಧನ ಮುಖ 1 ಸೆಂ.ಮೀ. ಇರಬೇಕಿತ್ತು, ನಾನು ಒಂದೂವರೆ ಮಾಡಿದ್ದೆ! ತಲೆ ಕತ್ತರಿಸಿ ಹೊಸದು ಕೂರಿಸಿದೆ. ಆ ಕ್ಷಣ ಅವನು ನಿಜಕ್ಕೂ ಯೋಧನಾದ, ಕಣ್ಣು ತುಂಬಿ ಬಂತು.

ಕೊಡಲಿ ಅಲಗನ್ನ ಪುಟ್ಟಿ ಅರೆಗಟ್ಟಿಯಾದಾಗ ಬ್ಲೇಡಿನಿಂದ ಕತ್ತರಿಸಿದೆ, ಅಂಚು ಚೂಪಾಗಿ ಬಂದಿದೆ. ಉಳಿದಿರೋದು ಸರಪಳಿ ಕವಚ. ಸೂಜಿಯಿಂದ ಒಂದೊಂದೇ ಬಳೆ ಒತ್ತುತ್ತಾ ಕೂತಿದ್ದೀನಿ.