ಗ್ರಾಮ ಪಂಚಾಯತ್ ಸದಸ್ಯರ ಗುಣಮಟ್ಟವನ್ನು ಅಳೆಯುವುದು ಹೇಗೆ?

ಬೈಂದೂರಿನವಳು:

ಎಲ್ಲರಿಗೂ ನಮಸ್ಕಾರ. ಕೊಣಾಜೆಯಲ್ಲಿ ಅರ್ಥಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಗ್ರಾಮ ಪಂಚಾಯತ್ ಸದಸ್ಯರ ಗುಣಮಟ್ಟದ ಬಗ್ಗೆ ಪ್ರಾಜೆಕ್ಟ್ ಮಾಡಬೇಕು. ಆದರೆ ಗುಣಮಟ್ಟ ಅಂದರೆ ಏನನ್ನು ಲೆಕ್ಕ ಹಾಕುವುದು? ಅಲ್ಲೇ ಸಿಕ್ಕಿಬಿದ್ದಿದ್ದೇನೆ.

ಓದಿದ ಲೇಖನಗಳಲ್ಲಿ ಜಾಸ್ತಿ ಶಾಸಕರು, ಸಂಸದರ ಬಗ್ಗೆ ಇರುವಂಥವು. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳ ನಂತರ ಅಭ್ಯರ್ಥಿಗಳು ಆಸ್ತಿ, ಓದು, ಕ್ರಿಮಿನಲ್ ಕೇಸು ಎಲ್ಲವನ್ನೂ ಅಫಿಡವಿಟ್‌ನಲ್ಲಿ ಬರೆದುಕೊಡಬೇಕಾಯಿತು. ಫಿಸ್ಮನ್, ಶುಲ್ಜ್, ವಿಗ್ ಎಂಬ ಮೂವರು ಸಂಶೋಧಕರು ಅದನ್ನೇ ಇಟ್ಟುಕೊಂಡು ಗೆದ್ದವರ ಆಸ್ತಿಯನ್ನೂ ಎರಡನೇ ಸ್ಥಾನಕ್ಕೆ ಬಂದವರ ಆಸ್ತಿಯನ್ನೂ ಹೋಲಿಸಿದರು. ಗೆದ್ದವರದ್ದು ವರ್ಷಕ್ಕೆ ಶೇ. 3ರಿಂದ 5ರಷ್ಟು ಹೆಚ್ಚು ಬೆಳೆದಿತ್ತು. 2014ರಲ್ಲಿ ಪ್ರಕಟವಾದದ್ದು.

ಪಂಚಾಯತ್ ಬಗ್ಗೆ ಸಿಕ್ಕಿದ್ದು ಬೆಸ್ಲಿ, ಪಾಂಡೆ, ರಾವ್ ಅವರ ದಕ್ಷಿಣ ಭಾರತದ ಅಧ್ಯಯನ. ಓದಿದ ಸದಸ್ಯರು ಅಧಿಕಾರವನ್ನು ಸ್ವಂತಕ್ಕೆ ಬಳಸಿಕೊಳ್ಳುವುದು ಕಡಿಮೆ ಎಂದು ಅದರಲ್ಲಿ ಉಂಟು. ಇದನ್ನು ಓದಿ ನನಗೆ ಸ್ವಲ್ಪ ಬೇಜಾರಾಯಿತು. ಯಾಕೆ ಅಂತ ಹೇಳುತ್ತೇನೆ.

ನನ್ನ ಚಿಕ್ಕಮ್ಮ ಓದಿದ್ದು ಏಳನೇ ಕ್ಲಾಸು. ಐದು ವರ್ಷ ಸದಸ್ಯೆಯಾಗಿದ್ದರು. ನಮ್ಮ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಎರಡು ಅಡಿಕೆ ಮರ ಜೋಡಿಸಿದ ಕಾಲುಸಂಕ (ನಡೆದು ದಾಟುವ ಸಣ್ಣ ಸೇತುವೆ) ಇತ್ತು, ಹಿಡಿದುಕೊಳ್ಳಲು ಒಂದು ಬಿದಿರಿನ ಗಳ. ಆಸಾಡಿ ಮಳೆಗೆ ಪಾಚಿ ಕಟ್ಟುತ್ತಿತ್ತು. ನಾವು ಚಪ್ಪಲಿ ಕೈಯಲ್ಲಿ ಹಿಡಿದು, ಹೆಬ್ಬೆರಳು ಒತ್ತಿ ಊರಿ ದಾಟಿ ಶಾಲೆಗೆ ಹೋಗುತ್ತಿದ್ದೆವು. ಚಿಕ್ಕಮ್ಮ ಅರ್ಜಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಮೂರು ಮಳೆಗಾಲ ಓಡಾಡಿದರು. ಈಗ ಅಲ್ಲಿ ಸಿಮೆಂಟಿನ ಸಂಕ ಉಂಟು. ನನ್ನ ಎಕ್ಸೆಲ್ ಶೀಟಿನಲ್ಲಿ ಅವರ ಹೆಸರಿನ ಮುಂದೆ ಬರುವುದು "7" ಎಂಬ ಅಂಕಿ ಒಂದೇ. ಇದು ಸರಿಯಾ?

ಪುತ್ತೂರು ಅಂಕಿಅಂಶ:

ಬೇಜಾರು ಮಾಡಬೇಡಿ. ಆ ಅಧ್ಯಯನ ಹೇಳುವುದು ಸರಾಸರಿಯ ಮಾತು, ನಿಮ್ಮ ಚಿಕ್ಕಮ್ಮನ ಮೇಲಿನ ತೀರ್ಪಲ್ಲ. ಅವರು ಏನನ್ನು ಅಳೆದರು ಎಂಬುದನ್ನೂ ನೋಡಿ. ಒಂದೇ ಸ್ಥಿತಿಯ ಎರಡು ಮನೆಗಳಲ್ಲಿ ಸದಸ್ಯರ ಮನೆಗೆ ಬಿಪಿಎಲ್ ಕಾರ್ಡ್ ಸಿಗುವುದು ಜಾಸ್ತಿಯಾ? ಅಳತೆಗೋಲು ಅಷ್ಟೇ. ಸ್ವಂತಕ್ಕೆ ಬಳಸಿಕೊಂಡರಾ ಎಂದು ಅದರಿಂದ ಗೊತ್ತಾಗುತ್ತದೆ. ಊರಿಗೆ ಏನು ಮಾಡಿದರು ಎಂದು ಗೊತ್ತಾಗುವುದಿಲ್ಲ.

ಅದೇ ಲೇಖನದ ಇನ್ನೊಂದು ಮಾತು ನಿಮಗೆ ಹೆಚ್ಚು ಉಪಯೋಗಕ್ಕೆ ಬರಬಹುದು. ಊರಿನಲ್ಲಿ ಮಾಹಿತಿ ಚೆನ್ನಾಗಿ ಹರಿದಾಡುವಲ್ಲಿ ಸ್ವಂತಕ್ಕೆ ಬಳಸಿಕೊಳ್ಳುವುದು ಕಡಿಮೆ. ಅಂದರೆ ಸದಸ್ಯರು ಹೇಗಿದ್ದಾರೆ ಎಂಬುದರಲ್ಲಿ ಊರಿನವರ ಪಾಲೂ ಇದೆ. ಇನ್ನೊಂದು ವಿಷಯ, ಅವರು 2002ರಲ್ಲಿ ಸರ್ವೆ ಮಾಡಿದ ಜಿಲ್ಲೆಗಳಲ್ಲಿ ನಮ್ಮ ದಕ್ಷಿಣ ಕನ್ನಡವೂ ಕಾಸರಗೋಡೂ ಇದ್ದವು. 1956ರವರೆಗೆ ಎರಡೂ ಒಂದೇ ಜಿಲ್ಲೆ ಅಲ್ವಾ? ಜನ, ಭಾಷೆ, ಕೃಷಿ ಹತ್ತಿರ ಹತ್ತಿರ, ಸರ್ಕಾರ ಮಾತ್ರ ಬೇರೆ. ಹೋಲಿಸಲು ಅದಕ್ಕಿಂತ ಒಳ್ಳೆಯ ಜೋಡಿ ಎಲ್ಲಿ ಸಿಗುತ್ತದೆ!

ಕಾರ್ಕಳದ ನಿವೃತ್ತ ಕಾರ್ಯದರ್ಶಿ:

ಮಗಳೇ, ಮೂರು ದಶಕ ಪಂಚಾಯತಿನಲ್ಲಿ ಕೆಲಸ ಮಾಡಿದವನು ನಾನು. ಆಸ್ತಿ, ಡಿಗ್ರಿ ಬಿಡಿ. ಸಭೆಯಲ್ಲಿ ನಡೆದದ್ದನ್ನು ಬರೆದಿಡುವ ನಡಾವಳಿ ಪುಸ್ತಕ ತೆಗೆಸಿ ಓದಿ. ವಾರ್ಡ್ ಸಭೆಯಲ್ಲಿ ಜನ ಏನು ಕೇಳಿದರು, ಗ್ರಾಮ ಸಭೆಗೆ ಅದು ಬಂತಾ, ಕ್ರಿಯಾ ಯೋಜನೆಯಲ್ಲಿ ಸೇರಿತಾ, ಕೊನೆಗೆ ಬಿಲ್ ಆಯಿತಾ. ಒಂದು ಬೇಡಿಕೆಯ ಬಾಲ ಹಿಡಿದು ಹೋಗಿ. "ಕುಡಿಯುವ ನೀರಿನ ಬಗ್ಗೆ ಚರ್ಚಿಸಲಾಯಿತು" ಎಂಬ ಒಂದೇ ಸಾಲು ನಾಲ್ಕು ಸಭೆಗಳಲ್ಲಿ ಅಕ್ಷರವೂ ಬದಲಾಗದೆ ಬಂದಿದ್ದರೆ ಅಲ್ಲಿ ಕೆಲಸ ನಿಂತಿದೆ ಎಂದೇ ಲೆಕ್ಕ. ನಾನೇ ಅಂಥ ಸಾಲುಗಳನ್ನು ಬರೆದಿದ್ದೇನೆ. ಅದಕ್ಕೆ ಈಗಲೂ ನೋವಿದೆ.

ಪುಸ್ತಕ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು.

ಕಾಪು ಅಕ್ಕ:

ನಾನು ಈಗಿನ ಸದಸ್ಯೆ. ಸರ್ ಹೇಳಿದ್ದು ಸರಿ, ಆದರೆ ತಂಗಿ, ನಡಾವಳಿಯನ್ನು ಪೂರ್ತಿ ನಂಬಬೇಡಿ. ಯಾರು ಮಾತಾಡಿದರು ಎಂದು ಅದರಲ್ಲಿ ಇರುವುದಿಲ್ಲ. ನಮ್ಮಲ್ಲಿ ಅರ್ಧ ಸೀಟು ಮಹಿಳೆಯರಿಗೆ ಮೀಸಲು. ಹಾಗಿದ್ದೂ ಕೆಲವು ಕಡೆ ಸಹಿ ಹೆಂಡತಿಯದು, ಮಾತು ಗಂಡನದು. ನಾನು ಗೆದ್ದ ಮೊದಲ ಸಭೆಯಲ್ಲಿ ಬಾಯಿ ಬಿಡಲೇ ಇಲ್ಲ, ಕೈ ನಡುಗುತ್ತಿತ್ತು. ಎರಡನೇ ವರ್ಷ ಎದ್ದು ನಿಂತು ನೀರಿನ ಟ್ಯಾಂಕಿನ ಬಗ್ಗೆ ಕೇಳಿದೆ. ಈ ಬದಲಾವಣೆ ಯಾವ ಪುಸ್ತಕದಲ್ಲೂ ಇಲ್ಲ. ಗ್ರಾಮ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳಿ.

ಪುತ್ತೂರು ಅಂಕಿಅಂಶ:

ಅಕ್ಕನ ಮಾತಿಗೆ ಸೇರಿಸುತ್ತೇನೆ. ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ 2004ರಲ್ಲಿ ಪ್ರಕಟಿಸಿದ ಅಧ್ಯಯನ ಓದಿ. ಪಶ್ಚಿಮ ಬಂಗಾಳ, ರಾಜಸ್ಥಾನದ 265 ಪಂಚಾಯತ್‌ಗಳು. ಮಹಿಳೆಯರು ಏನು ಕೇಳಿದರು, ಗಂಡಸರು ಏನು ಕೇಳಿದರು ಎಂದು ಬೇರೆ ಬೇರೆ ಪಟ್ಟಿ ಮಾಡಿ, ಆಮೇಲೆ ಆದ ಕೆಲಸದ ಜೊತೆ ಹೋಲಿಸಿದರು. ಅಧ್ಯಕ್ಷರ ಸ್ಥಾನ ಮಹಿಳೆಗೆ ಮೀಸಲಾದ ಕಡೆ ಎರಡೂ ರಾಜ್ಯಗಳಲ್ಲಿ ಕುಡಿಯುವ ನೀರಿನ ಕೆಲಸ ಜಾಸ್ತಿ ಆಗಿತ್ತು. ಕಾರ್ಯದರ್ಶಿ ಸರ್ ಹೇಳಿದ ದಾರಿ ಇದೇ ಅಲ್ವಾ?

ಬೈಂದೂರಿನವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ಪಂಚಾಯತ್ ತೆಗೆದುಕೊಳ್ಳುತ್ತೇನೆ. ಕೇಳಿದ್ದು ಒಂದು ಕಾಲಂ, ಆದದ್ದು ಇನ್ನೊಂದು, ನಡುವೆ ಎಷ್ಟು ತಿಂಗಳು ಹೋಯಿತು ಎಂಬುದು ಮೂರನೆಯದು. ಓದಿನ ಕಾಲಂ ಕೂಡ ಇರಲಿ, ತೆಗೆಯುವುದಿಲ್ಲ. ಮುಂದಿನ ಗ್ರಾಮ ಸಭೆಗೆ ನೋಟ್‌ಬುಕ್ ಹಿಡಿದುಕೊಂಡೇ ಹೋಗುತ್ತೇನೆ, ಅಕ್ಕ.

ನಿನ್ನೆ ರಾತ್ರಿ ಚಿಕ್ಕಮ್ಮನಿಗೆ ಫೋನ್ ಮಾಡಿದ್ದೆ. ಸಂಕದ ಅರ್ಜಿಗಳ ನಕಲು ಮೂರೂ ಟ್ರಂಕಿನಲ್ಲಿ ಉಂಟಂತೆ, ಅದೇ ಪ್ಲಾಸ್ಟಿಕ್ ಕವರಿನಲ್ಲಿ. ಭಾನುವಾರ ಹೋಗಿ ತರುತ್ತೇನೆ.