9 ಎಂ.ಎಂ. ಪಿಸ್ತೂಲು ಮತ್ತು .223 ರೈಫಲ್: ತೋಟಾ ಮರುತುಂಬಲು ಯಾವ ಪ್ರೆಸ್ ಕೊಳ್ಳಬೇಕು?

ಪ್ರಶ್ನೆ (ಡಲ್ಲಾಸ್, ಟೆಕ್ಸಾಸ್)

ಎಲ್ಲರಿಗೂ ನಮಸ್ಕಾರ. ನಾನು ಮೂಲತಃ ಮಡಿಕೇರಿಯ ಕಡೆಯವನು. ಅಜ್ಜ ಕೇಪಿನ ಕೋವಿಗೆ ಮದ್ದು ಅಳೆದು ಹಾಕುವುದನ್ನು ನೋಡುತ್ತ ಬೆಳೆದವನು. ಈಗ ಗ್ರೀನ್ ಕಾರ್ಡ್ ಪಡೆದು ಇಲ್ಲಿ ನೆಲೆಸಿದ್ದೇನೆ. ತಿಂಗಳಿಗೆ 9 ಎಂ.ಎಂ. ಪಿಸ್ತೂಲಿನಲ್ಲಿ ಸುಮಾರು 400, ಎಆರ್-15 ರೈಫಲ್‌ನಲ್ಲಿ .223 ತೋಟಾ ನೂರರಷ್ಟು ಹಾರಿಸುತ್ತೇನೆ. ಖಾಲಿ ಕೇಸುಗಳನ್ನು ಎರಡು ವರ್ಷದಿಂದ ಕೂಡಿಡುತ್ತ ಬಂದಿದ್ದೇನೆ. ಈಗ ಸ್ವಂತ ಬಳಕೆಗೆ ಮರುತುಂಬುವುದನ್ನು, ಅಂದರೆ ಆ ಕೇಸುಗಳಿಗೆ ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲು), ಮದ್ದು ಮತ್ತು ಗುಂಡು ಹಾಕುವುದನ್ನು, ಆರಂಭಿಸಬೇಕೆಂದಿದ್ದೇನೆ. ಒಂದು ಹಿಡಿ ಎಳೆದರೆ ಒಂದೇ ಕೆಲಸ ಮಾಡುವ ಸಿಂಗಲ್ ಸ್ಟೇಜ್ ಪ್ರೆಸ್ ಸಾಕೇ, ಅಥವಾ ಪ್ರತಿ ಎಳೆತಕ್ಕೂ ಒಂದು ತೋಟಾ ಸಿದ್ಧವಾಗಿ ಬೀಳುವ ಪ್ರೋಗ್ರೆಸಿವ್ ಪ್ರೆಸ್ಸನ್ನೇ ಮೊದಲಿಗೇ ಕೊಳ್ಳಬೇಕೇ? ಎರಡೂ ಅಳತೆಯ ತೋಟಾಗಳಿಗೆ ಒಂದೇ ಯಂತ್ರ ಸಾಕಾಗುತ್ತದೆಯೇ?

ಉತ್ತರ 1 (ಫೀನಿಕ್ಸ್, ಅರಿಜೋನಾ)

ನಮಸ್ಕಾರ. ಗಂಟೆಗೆ ಎಷ್ಟು ತೋಟಾ ಎಂಬ ಲೆಕ್ಕದಿಂದ ಯಂತ್ರವನ್ನು ಆರಿಸಬೇಡಿ. ಗುಂಡು ಕೂರಿಸುವ ಮೊದಲು ಪ್ರತಿಯೊಂದು ಕೇಸಿನೊಳಗಿನ ಮದ್ದನ್ನು ನಿಮ್ಮ ಕಣ್ಣು ನೋಡುತ್ತದೆಯೇ ಎಂಬುದರಿಂದ ಆರಿಸಿ. 9 ಎಂ.ಎಂ.ನಲ್ಲಿ ಬಳಸುವ ಹಲವು ಮದ್ದುಗಳ ಪ್ರಮಾಣ ಎಷ್ಟು ಕಡಿಮೆಯೆಂದರೆ, ತಪ್ಪಿ ಎರಡು ಬಾರಿ ಬಿದ್ದರೂ ಕೇಸು ತುಂಬಿ ಚೆಲ್ಲುವುದಿಲ್ಲ.

ನನ್ನದೇ ಅನುಭವ ಹೇಳುತ್ತೇನೆ. ಪ್ರೋಗ್ರೆಸಿವ್ ಪ್ರೆಸ್ಸಿನಲ್ಲಿ ಕೆಲಸ ಮಾಡುವಾಗ ಒಂದು ಪ್ರೈಮರ್ ಅಡ್ಡ ಸಿಕ್ಕಿ ಹಿಡಿ ನಿಂತಿತು. ಅದನ್ನು ಸರಿಪಡಿಸುವ ಗಡಿಬಿಡಿಯಲ್ಲಿ ಕೇಸೊಂದನ್ನು ಹೊರತೆಗೆದು ಮದ್ದು ಬೀಳುವ ಜಾಗದಿಂದ ಒಂದು ಸ್ಥಾನ ಮುಂದಕ್ಕೆ ಇಟ್ಟುಬಿಟ್ಟೆ. ಮುಂದಿನ ವಾರ ರೇಂಜಿನಲ್ಲಿ ಆ ತೋಟಾ ಢಮ್ಮೆನ್ನುವ ಬದಲು 'ಟುಪ್' ಎಂದಿತು. ಸದ್ಯ, ಕೈ ತಡೆದೆ. ಮನೆಗೆ ತಂದು ಬಿಚ್ಚಿ ನೋಡಿದರೆ, ಪ್ರೈಮರಿನ ಬಲವೊಂದರಿಂದಲೇ ಚಲಿಸಿದ ಗುಂಡು ನಳಿಗೆಯೊಳಗೆ ಹೆಬ್ಬೆರಳಿನಷ್ಟು ಮುಂದೆ ಹೋಗಿ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದನ್ನು ಹಾರಿಸಿದ್ದರೆ ನಳಿಗೆ ಸಿಡಿಯಬಹುದಿತ್ತು. ಅಂದಿನಿಂದ ಯಂತ್ರ ನಿಂತರೆ, ಅದರಲ್ಲಿರುವ ಅಷ್ಟೂ ಕೇಸುಗಳನ್ನು ಹೊರತೆಗೆದು, ಮದ್ದನ್ನು ಚೆಲ್ಲಿ, ಮೊದಲಿನಿಂದ ಆರಂಭಿಸುತ್ತೇನೆ.

ನಿಮ್ಮ ಪ್ರಮಾಣಕ್ಕೆ ನನ್ನ ಸಲಹೆ ಟರೆಟ್ ಪ್ರೆಸ್. ಲೀ ಕಂಪನಿಯ ನಾಲ್ಕು ತೂತಿನ ಕ್ಲಾಸಿಕ್ ಟರೆಟ್‌ನಲ್ಲಿ ಕೇಸು ನಿಂತಲ್ಲೇ ಇರುತ್ತದೆ, ಡೈಗಳು (ಕೇಸನ್ನು ಒತ್ತಿ ರೂಪಿಸುವ, ಗುಂಡು ಕೂರಿಸುವ ಅಚ್ಚುಗಳು) ತಿರುಗುತ್ತವೆ. ಒಂದು ಹೊತ್ತಿಗೆ ಒಂದೇ ಕೇಸಿನ ಮೇಲೆ ಗಮನ. ಗಂಟೆಗೆ ನೂರೈವತ್ತರ ಆಸುಪಾಸು ಆಗುವುದರಿಂದ, ತಿಂಗಳಿಗೆ ಎರಡು ಸಂಜೆ ಕೂತರೆ ನಿಮ್ಮ ಪಿಸ್ತೂಲಿನ ಪಾಲು ಮುಗಿಯುತ್ತದೆ.

ಅಜ್ಜನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಕರಿಮದ್ದನ್ನು ಅಳತೆಯ ಪಾತ್ರೆಯಿಂದ ಅಳೆಯುತ್ತಿದ್ದರು. ಇಲ್ಲಿ ಬಳಸುವ ಹೊಗೆಯಿಲ್ಲದ ಮದ್ದನ್ನು ಗ್ರೇನ್ ಲೆಕ್ಕದಲ್ಲಿ ತೂಗಬೇಕು. 7000 ಗ್ರೇನ್ ಸೇರಿದರೆ ಒಂದು ಪೌಂಡ್. ಆದ್ದರಿಂದ ಒಳ್ಳೆಯ ತಕ್ಕಡಿ, ಅದನ್ನು ಪರೀಕ್ಷಿಸುವ ತೂಕದ ಕಲ್ಲುಗಳು, ಉದ್ದ ಅಳೆಯುವ ಕ್ಯಾಲಿಪರ್, ಪ್ರೆಸ್ಸಿನ ಮೇಲೆ ಕೇಸಿನ ತಳದವರೆಗೆ ಬೆಳಕು ಬೀಳುವಂಥ ದೀಪ, ಇವುಗಳಲ್ಲಿ ಕೈ ಬಿಗಿ ಮಾಡಬೇಡಿ. ಮದ್ದಿನ ಪ್ರಮಾಣವನ್ನು ತಯಾರಕರ ಪ್ರಕಟಿತ ಕೋಷ್ಟಕದಿಂದ ಮಾತ್ರ ತೆಗೆದುಕೊಂಡು, ಅಲ್ಲಿ ಹೇಳಿದ ಆರಂಭದ ಪ್ರಮಾಣದಿಂದಲೇ ಹೊರಡಿ.

ಉತ್ತರ 2 (ಕೊಲಂಬಸ್, ಒಹಾಯೊ)

ಪಿಸ್ತೂಲಿನ ಬಗ್ಗೆ ಮೇಲಿನವರ ಮಾತು ಒಪ್ಪುತ್ತೇನೆ. ಆದರೆ ಬೇಸಿಗೆಯಲ್ಲಿ ಸ್ಪರ್ಧೆಗಳಿಗೆ ಇಳಿದಿರೆಂದರೆ 400 ಎಂಬುದು ಸಾವಿರವಾಗುವುದು ತಡವಿಲ್ಲ. ಆಗ ಡಿಲ್ಲನ್ 550 ಎಂಬ ಪ್ರೋಗ್ರೆಸಿವ್ ಪ್ರೆಸ್ ಒಳ್ಳೆಯ ನಡುದಾರಿ. ಕೇಸುಗಳನ್ನು ಹಿಡಿದಿರುವ ಅದರ ತಟ್ಟೆಯನ್ನು ಕೈಯಿಂದಲೇ ತಿರುಗಿಸಬೇಕಾದ್ದರಿಂದ ವೇಗ ನಿಮ್ಮ ಹಿಡಿತದಲ್ಲಿರುತ್ತದೆ, ಆದರೆ ತಿರುಗಿಸಲು ಮರೆತು ಹಿಡಿ ಎಳೆದರೆ ಒಂದೇ ಕೇಸಿಗೆ ಎರಡು ಬಾರಿ ಮದ್ದು ಬೀಳುತ್ತದೆ. ಐದು ಸ್ಥಾನಗಳ ಪ್ರೆಸ್ ಆದರೆ ಮದ್ದಿನ ಮಟ್ಟ ಹೆಚ್ಚುಕಡಿಮೆಯಾದಾಗ ಎಚ್ಚರಿಸುವ ಡೈಗೆ ಜಾಗ ಸಿಗುತ್ತದೆ.

.223 ಬೇರೆಯೇ ಬಗೆಯ ಕೆಲಸ. 9 ಎಂ.ಎಂ.ಗೆ ಕಾರ್ಬೈಡ್ ಡೈ (ಒಳಗೆ ಅತಿ ಗಟ್ಟಿ, ನುಣುಪಾದ ಬಳೆಯಿರುವಂಥದ್ದು) ಇದ್ದರೆ ಕೇಸಿಗೆ ಎಣ್ಣೆ ಬೇಡ; .223 ಕೇಸಿಗೆ ಜಾರುವ ಲೇಪ ಹಚ್ಚಲೇಬೇಕು, ಇಲ್ಲವಾದರೆ ಡೈಯೊಳಗೆ ಕಚ್ಚಿಕೊಳ್ಳುತ್ತದೆ. ಹಾರಿಸಿದ ಮೇಲೆ ಕೇಸು ಉದ್ದವಾಗುವುದರಿಂದ ಪ್ರತಿ ಸಲ ಅಳೆಯಬೇಕು: ಗರಿಷ್ಠ 1.760 ಇಂಚು, ಕತ್ತರಿಸಿ ಇಳಿಸಬೇಕಾದ್ದು 1.750ಕ್ಕೆ. ಮಿಲಿಟರಿ ಕೇಸುಗಳಲ್ಲಿ ಪ್ರೈಮರಿನ ಗುಳಿಯ ಅಂಚನ್ನು ಒತ್ತಿ ಬಿಗಿದಿರುತ್ತಾರೆ. ಆ ಬಿಗಿತವನ್ನು ತೆಗೆಯುವ ಉಪಕರಣವೂ ಬೇಕು. ಇಷ್ಟೆಲ್ಲ ಇರುವುದರಿಂದ ತಿಂಗಳಿಗೆ ನೂರು ರೈಫಲ್ ತೋಟಾಕ್ಕೆ ಆರ್‌ಸಿಬಿಎಸ್ ರಾಕ್ ಚಕರ್‌ನಂಥ ಗಟ್ಟಿ ಸಿಂಗಲ್ ಸ್ಟೇಜ್ ಪ್ರೆಸ್ ನನಗೆ ಸರಿ ಕಾಣುತ್ತದೆ.

ಎಆರ್-15ರಲ್ಲಿ ಒಂದು ತೋಟಾವನ್ನು ಚೇಂಬರಿಗೆ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಏರಿಸಿ, ಹಾರಿಸದೆ ಹೊರತೆಗೆದು ನೋಡಿ: ಪ್ರೈಮರಿನ ನಡುವೆ ಸೂಜಿಯ ಮೊನೆ ತಾಗಿದಂಥ ಗುರುತು ಕಾಣುತ್ತದೆ. ಆ ರೈಫಲ್‌ನ ಫೈರಿಂಗ್ ಪಿನ್ನಿಗೆ (ಪ್ರೈಮರಿಗೆ ಬಡಿಯುವ ಮೊಳೆ) ಹಿಂದಕ್ಕೆ ತಡೆಯುವ ಸ್ಪ್ರಿಂಗ್ ಇಲ್ಲ. ಪ್ರೈಮರ್ ಕೇಸಿನ ತಳಕ್ಕಿಂತ ಮೇಲೆದ್ದಿದ್ದರೆ ಬೋಲ್ಟ್ (ತೋಟಾವನ್ನು ಚೇಂಬರಿಗೆ ತಳ್ಳಿ ಮುಚ್ಚುವ ಭಾಗ) ಮುಚ್ಚುವಾಗಲೇ ತೋಟಾ ಸಿಡಿಯುವ ಅಪಾಯವಿದೆ. ಪ್ರತಿ ತೋಟಾದ ತಳದ ಮೇಲೆ ಬೆರಳು ಆಡಿಸಿ, ಪ್ರೈಮರ್ ಒಳಗೆ ಕೂತಿದೆ ಎಂದು ಖಚಿತಪಡಿಸಿಕೊಂಡೇ ಪೆಟ್ಟಿಗೆಗೆ ಹಾಕಿ.

ಉತ್ತರ 3 (ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ)

ಇದನ್ನು ಓದುವ ನಮ್ಮವರಲ್ಲಿ ಎಚ್-1ಬಿ ವೀಸಾದವರೂ ಇರುತ್ತಾರಾದ್ದರಿಂದ ಹೇಳುತ್ತಿದ್ದೇನೆ. ಅಂಥವರು ಕೋವಿಯನ್ನಷ್ಟೇ ಅಲ್ಲ, ತೋಟಾವನ್ನೂ ಇಟ್ಟುಕೊಳ್ಳುವುದು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಪರಾಧ. ಬೇಟೆಯ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ಸ್ವಂತ ಬಳಕೆಗೆ ತುಂಬಿದ್ದನ್ನು ಪರವಾನಗಿಯಿಲ್ಲದೆ ಮಾರುವ ವ್ಯವಹಾರಕ್ಕೆ ಇಳಿಯಬಾರದು. ಊರಿನಲ್ಲಂತೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತೋಟಾ ತಯಾರಿಸಲು ಪರವಾನಗಿ ಬೇಕೇ ಬೇಕು.

ಕೇಸು ತೊಳೆಯುವ ಯಂತ್ರ ಕೊಳ್ಳುವಾಗ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ನೀರು ಮತ್ತು ಸ್ಟೀಲಿನ ಕಡ್ಡಿಗಳನ್ನು ಬಳಸುವಂಥದ್ದನ್ನೇ ಆರಿಸಿ. ಒಣ ಯಂತ್ರದಿಂದ ಏಳುವ ಧೂಳಿನಲ್ಲಿ ಸೀಸ ಇರುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಟರೆಟ್ ಪ್ರೆಸ್ಸನ್ನೇ ಕೊಳ್ಳುತ್ತೇನೆ, ಸದ್ಯಕ್ಕೆ .223 ಕೇಸುಗಳನ್ನೂ ಅದರಲ್ಲೇ, ತಿರುಗುವ ಏರ್ಪಾಟನ್ನು ತೆಗೆದಿಟ್ಟು, ಸಿಂಗಲ್ ಸ್ಟೇಜ್‌ನಂತೆ ಒಂದೊಂದೇ ಹಂತವಾಗಿ ಮಾಡುತ್ತೇನೆ. ಒಂದೇ ಸಂದೇಹ ಉಳಿದಿದೆ: ಅರೆಸ್ವಯಂಚಾಲಿತ ರೈಫಲ್‌ಗೆ ಸ್ಮಾಲ್ ಬೇಸ್ ಡೈ (ಕೇಸಿನ ಬುಡವನ್ನು ಇನ್ನೂ ತುಸು ಕಿರಿದು ಮಾಡುವಂಥದ್ದು) ಕಡ್ಡಾಯವೇ?

ಉತ್ತರ 2 (ಕೊಲಂಬಸ್, ಒಹಾಯೊ)

ಕಡ್ಡಾಯವಲ್ಲ. ಮೊದಲು ಕೇಸಿನ ಇಡೀ ಉದ್ದವನ್ನು ಮರುರೂಪಿಸುವ ಸಾಮಾನ್ಯ ಫುಲ್ ಲೆಂಗ್ತ್ ಡೈ ಮತ್ತು ಕೇಸಿನ ಅಳತೆ ಸರಿಯಿದೆಯೇ ಎಂದು ನೋಡುವ ಒಂದು ಕೇಸ್ ಗೇಜ್ ಕೊಳ್ಳಿ. ಮರುರೂಪಿಸಿದ ಹತ್ತು ಕೇಸುಗಳು ಗೇಜಿನೊಳಗೆ ತಾವಾಗಿ ಜಾರಿ ಕೂತು, ರೈಫಲ್‌ನ ಬೋಲ್ಟ್ ಕೂಡ ತಡೆಯಿಲ್ಲದೆ ಮುಚ್ಚಿದರೆ ಅಷ್ಟೇ ಸಾಕು. ಬೇರೆಯವರ ಕೋವಿಯಲ್ಲಿ ಹಾರಿಸಿದ ಕೇಸುಗಳನ್ನು ರೇಂಜಿನಿಂದ ಹೆಕ್ಕಿ ತಂದಿದ್ದು, ಅವು ಹಾಗೆ ಕೂರದಿದ್ದರೆ ಮಾತ್ರ ಸ್ಮಾಲ್ ಬೇಸ್ ಡೈ ತರಿಸಿಕೊಳ್ಳಿ.