ಸಣ್ಣ ವಿಮಾನದಲ್ಲಿ ಅಟ್ಲಾಂಟಿಕ್ ದಾಟಬಹುದಾ?

ಪ್ರಶ್ನೆ (ಕಲಬುರಗಿ)
ಅಪ್ಪ, ಅವ್ವ ಜನವರಿಯಲ್ಲಿ ತಂಗಿ ಮನೆಗೆ ಬಾಸ್ಟನ್‌ಗೆ ಹೊರಟಿದ್ದಾರೆ. ಹೈದರಾಬಾದ್‌ನಿಂದ ಲಂಡನ್‌ವರೆಗೆ ದೊಡ್ಡ ವಿಮಾನ, ಮುಂದೆ ಏರ್‌ಬಸ್ ಎ321 ಅಂತ ಟಿಕೆಟ್‌ನಲ್ಲಿದೆ. ಇಲ್ಲಿ ದೆಹಲಿ, ಮುಂಬೈಗೆ ಹೋಗುತ್ತವಲ್ಲ, ನಡುವೆ ಒಂದೇ ಓಣಿ ಇರುವಂಥದ್ದು. ಸಮುದ್ರದ ಮೇಲೆ ಒಂದು ಎಂಜಿನ್ ನಿಂತರೆ ಏನು ಗತಿ ಅಂತ ಅವ್ವ ಕೇಳುತ್ತಿದ್ದಾಳೆ. ನನಗೂ ಹೆದರಿಕೆ ಇದೆ. ಟಿಕೆಟ್ ಬದಲಿಸಲಾ?

ಉತ್ತರ (ಬೀದರ್)
ಬದಲಿಸಬೇಡಿ. ನಾನು ವಾಯುಪಡೆಯಲ್ಲಿ ಎಂಜಿನ್ ಕೆಲಸ ಮಾಡಿ ನಿವೃತ್ತನಾದವನು. ದೊಡ್ಡ ಬೋಯಿಂಗ್ 777ಕ್ಕೂ ಎಂಜಿನ್ ಎರಡೇ ಅಲ್ವಾ? ಇಲ್ಲಿ ನೋಡುವುದು ಗಾತ್ರ ಅಲ್ಲ, ಒಂದೇ ಎಂಜಿನ್ ಮೇಲೆ ಹಾರಿದರೆ ಇಳಿಯಲು ಜಾಗ ಎಷ್ಟು ನಿಮಿಷ ದೂರ ಇದೆ ಅನ್ನುವುದು. ಈ ನಿಯಮಕ್ಕೆ ಈಟಾಪ್ಸ್ ಅನ್ನುತ್ತಾರೆ. ಮೊದಲು 60 ನಿಮಿಷದ ಮಿತಿ ಇತ್ತು, 1985ರಲ್ಲಿ 120 ಆಯಿತು, ಈಗ ಎ321ಗೆ 180 ನಿಮಿಷದವರೆಗೂ ಒಪ್ಪಿಗೆ ಇದೆ. ಆ 180 ಸುಮ್ನೆ ಸಿಗುವುದಿಲ್ಲ, 1 ಲಕ್ಷ ಗಂಟೆ ಓಡಿದರೆ ಎಂಜಿನ್ ಹಾರಾಟದಲ್ಲಿ ನಿಲ್ಲುವುದು ಸರಾಸರಿ 2 ಸಲ ದಾಟಬಾರದು. ನನಗೆ ಬಹಳ ಹಿಡಿಸಿದ ಇನ್ನೊಂದು ನಿಯಮ: ಎರಡೂ ಎಂಜಿನ್‌ಗೆ ಒಂದೇ ಥರದ ರಿಪೇರಿಯನ್ನು ಒಂದೇ ಸಲ ಒಬ್ಬನೇ ಮೆಕ್ಯಾನಿಕ್ ಮಾಡುವಂತಿಲ್ಲ. ಒಬ್ಬನ ಕೈತಪ್ಪು ಎರಡೂ ಕಡೆ ಆಗಬಾರದಲ್ಲ. ಅವ್ವನವರಿಗೆ ಇದನ್ನು ಹೇಳಿ.

ಪ್ರಶ್ನೆ ಕೇಳಿದವರು
ಧನ್ಯವಾದ ರೀ. ಇಂಧನ ಸಾಲುತ್ತದಾ?

ಉತ್ತರ (ಯಾದಗಿರಿ, ಈಗ ಹೈದರಾಬಾದ್)
ನಾನು ಫ್ಲೈಟ್ ಡಿಸ್ಪ್ಯಾಚ್, ಅಂದರೆ ವಿಮಾನದ ದಾರಿ, ಇಂಧನದ ಲೆಕ್ಕ ಹಾಕುವ ಕೆಲಸ ಕಲಿಯುತ್ತಿದ್ದೇನೆ. ಎ321ರಲ್ಲೇ ದೂರ ಹಾರಲು ಮಾಡಿದ ಮಾದರಿ ಎ321 ಎಲ್‌ಆರ್ ಸುಮಾರು 7,400 ಕಿ.ಮೀ. ಹಾರುತ್ತದೆ, ಲಂಡನ್‌ನಿಂದ ಬಾಸ್ಟನ್ ಅಂದಾಜು 5,300. ಆದರೂ ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ. ದಾರಿಯಲ್ಲಿ ಒಂದು ಜಾಗ ಗುರುತಿಸುತ್ತೇವೆ, ಅಲ್ಲಿಂದ ಹಿಂದೆ ಐರ್ಲೆಂಡ್‌ನ ಶಾನನ್‌ಗೂ ಮುಂದೆ ಕೆನಡಾದ ಗ್ಯಾಂಡರ್‌ಗೂ ಸಮ ಹೊತ್ತು. ಸಮ ದೂರ ಅಲ್ಲ, ಸಮ ಹೊತ್ತು. ಪಶ್ಚಿಮಕ್ಕೆ ಹೋಗುವಾಗ ಎದುರುಗಾಳಿ, ಹಿಂದಿರುಗಿದರೆ ಅದೇ ಗಾಳಿ ತಳ್ಳುತ್ತದೆ, ಅದಕ್ಕೇ ಆ ಜಾಗ ನಡುಮಧ್ಯ ದಾಟಿ ಗ್ಯಾಂಡರ್ ಕಡೆಗೆ ಸರಿಯುತ್ತದೆ. ಸರಿಯಾಗಿ ಅಲ್ಲೇ ಒಳಗಿನ ಗಾಳಿಯ ಒತ್ತಡ ಹೋಗಿ ವಿಮಾನ 10,000 ಅಡಿಗೆ ಇಳಿಯಿತು ಅಂತ ಅಂದುಕೊಳ್ಳುತ್ತೇವೆ. ಕೆಳಗೆ ಹಾರಿದರೆ ಇಂಧನ ಜಾಸ್ತಿ ಸುಡುತ್ತದೆ. ಅದಕ್ಕೂ ಸಾಲುವಷ್ಟು ತುಂಬಿಸದೆ ವಿಮಾನ ಬಿಡುವುದಿಲ್ಲ. ಚಳಿಗಾಲದ ಗಾಳಿ ತೀರಾ ಜೋರಿದ್ದರೆ ಭಾರ ಕಮ್ಮಿ ಮಾಡುತ್ತಾರೆ, ಇಲ್ಲವೇ ನಡುವೆ ಇಳಿಸಿ ಇಂಧನ ಹಾಕಿಸುತ್ತಾರೆ. ಹಾಗೆ ಇಳಿದರೆ ಗಾಬರಿ ಆಗಬೇಡಿ ಅಂತ ಮೊದಲೇ ತಿಳಿಸಿ. ಕ್ಯಾಲಿಫೋರ್ನಿಯಾದಿಂದ ಹವಾಯಿಗೆ 3,800 ಕಿ.ಮೀ. ನಡುವೆ ಇಳಿಯಲು ಒಂದು ದ್ವೀಪವೂ ಇಲ್ಲ, ಅಲ್ಲಿಗೂ ಒಂದೇ ಓಣಿಯ ಬೋಯಿಂಗ್ 737ಗಳು ಹೋಗುತ್ತವೆ.

ಉತ್ತರ (ಕಲಬುರಗಿ)
ನಿಜವಾದ ತ್ರಾಸು ಕೂತು ಕಾಲು ಊದುವುದು. ಎಂಟು ಗಂಟೆ, ಒಂದೇ ಓಣಿ, ಊಟದ ಗಾಡಿ ಬಂದರೆ ಓಡಾಡಲು ಜಾಗ ಇರುವುದಿಲ್ಲ. ಇಬ್ಬರಿಗೂ ಓಣಿ ಪಕ್ಕದ ಸೀಟು ಈಗಲೇ ಹಿಡಿಯಿರಿ, ಎದುರುಬದುರು ಸಿಕ್ಕರೆ ಮಾತಾಡಲೂ ಆಗುತ್ತದೆ. ಲಂಡನ್‌ನಲ್ಲಿ ವಿಮಾನ ಬದಲಿಸಲು ನಡಿಗೆ ಜಾಸ್ತಿ, ವೀಲ್‌ಚೇರ್ ಬರೆಸಿಬಿಡಿ.